ಸೋಲುವ ತಂಡದ ಆಟ ನೋಡೋಕೆ ಯಾರು ಹೋಗುತ್ತಾರೆ?

(ಹಾಸನದ ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪು, ಭಾನುವಾರ ರಾತ್ರಿ)

ಮಂಜು: (ಫಾರ್ವರ್ಡ್ ಆದ ಫೋಟೊ: ಫುಟ್‌ಬಾಲ್ ಸ್ಟೇಡಿಯಂನ ಅರ್ಧ ಖಾಲಿ ಗ್ಯಾಲರಿ) ನೋಡ್ರಪ್ಪಾ. ವರ್ಷಗಟ್ಟಲೆ ಸೋತರೆ ಇದೇ ಗತಿ. ದುಡ್ಡು ಕೊಟ್ಟು ಸೋಲು ನೋಡೋಕೆ ಯಾರು ಹೋಗುತ್ತಾರೆ?

ಶಶಿ: ಹೋಗುತ್ತಾರೆ ಕಣೋ. ಇಂಗ್ಲೆಂಡಿನ ಸಂಡರ್ಲೆಂಡ್ ಊರಿನ ತಂಡ 2017ರಲ್ಲಿ ಪ್ರೀಮಿಯರ್ ಲೀಗ್‌ನಿಂದ, ಅಂದ್ರೆ ಅಲ್ಲಿನ ಮೊದಲ ದರ್ಜೆಯಿಂದ, ಬಿತ್ತು. ಮರುವರ್ಷ ಮೂರನೇ ದರ್ಜೆಗೇ ಇಳಿಯಿತು. ಅಲ್ಲಿದ್ದಾಗ, 2018ರ ಡಿಸೆಂಬರ್ 26ಕ್ಕೆ, ಬ್ರಾಡ್‌ಫರ್ಡ್ ತಂಡದ ವಿರುದ್ಧದ ಮ್ಯಾಚಿಗೆ 46,039 ಜನ!

ಮಂಜು: ಕ್ರಿಸ್‌ಮಸ್ ಮಾರನೇ ದಿನ, ರಜೆ. ಹಾಸನಾಂಬೆ ಬಾಗಿಲು ತೆಗೆದಾಗಿನ ಕ್ಯೂ ನೋಡಿ, ಊರಿಗೆ ದಿನಾ ಇಷ್ಟು ಜನ ಬರುತ್ತಾರೆ ಅಂದಂಗಾಯ್ತು.

ಶಶಿ: ಸರಿ, ಸರಾಸರಿ ತಗೋ. ಪ್ರೀಮಿಯರ್ ಲೀಗ್‌ನಲ್ಲಿ 41 ಸಾವಿರ ಇತ್ತು. ಬಿದ್ದ ಮೊದಲ ವರ್ಷ 27-28 ಸಾವಿರ.

ಮಂಜು: ನಾನು ಹೇಳಿದ್ದೂ ಅದೇ ಅಲ್ವಾ 😀

ಶಶಿ: ಇನ್ನೂ ಟೈಪ್ ಮಾಡ್ತಿದ್ದೆ, ತಡಿ. ಮೂರನೇ ದರ್ಜೆಗೆ ಬಿದ್ದ ಮೇಲೆ ಅದೇ ಸರಾಸರಿ 32 ಸಾವಿರಕ್ಕೆ ಏರಿತು. ಮಾಲೀಕರು ಬದಲಾಗಿದ್ದರು, ತಂಡ ಗೆಲ್ಲುತ್ತಿತ್ತು. ಮೇಲೆ ಕೂತು ವಾರವಾರ ಒದೆ ತಿನ್ನೋದಕ್ಕಿಂತ ಇದು ವಾಸಿ.

ಶೋಭಾ: ಆ ಊರಿಗೆ ಬೇರೆ ಏನು ಉಳಿದಿತ್ತು ಹೇಳ್ರೋ. ಹಡಗು ಕಟ್ಟೋ ಕೆಲಸ 1988ಕ್ಕೆ ನಿಂತಿತು. ಕಲ್ಲಿದ್ದಲು ಗಣಿ 1993ರಲ್ಲಿ ಮುಚ್ಚಿತು. ಈಗಿನ ಸ್ಟೇಡಿಯಂ ಇರೋದು ಆ ಗಣಿ ಜಾಗದಲ್ಲೇ. ಅಪ್ಪ ದುಡಿದ ಜಾಗಕ್ಕೆ ಮಗ ಆಟ ನೋಡೋಕೆ ಬರುತ್ತಾನೆ. ಪಾಯಿಂಟ್ಸ್ ಪಟ್ಟಿ ನೋಡಿಕೊಂಡು ಬರೋ ಜನ ಅಲ್ಲ.

ರಫೀಕ್: ಸೋಲಿಗಿಂತ ಸಿಟ್ಟು ಜಾಸ್ತಿ ಖಾಲಿ ಮಾಡುತ್ತದೆ. ಅಲ್ಲಿನದೇ ಇನ್ನೊಂದು ತಂಡ ಬ್ಲ್ಯಾಕ್‌ಪೂಲ್‌ನ ಅಭಿಮಾನಿಗಳು ಮಾಲೀಕರ ಮೇಲಿನ ಕೋಪಕ್ಕೆ ವರ್ಷಗಟ್ಟಲೆ ಹೊರಗೇ ನಿಂತರು. 2017ರಲ್ಲಿ ತಂಡ ಗೆದ್ದು ಮೇಲಿನ ದರ್ಜೆಗೆ ಹೋದಾಗಲೂ ಬರಲಿಲ್ಲ. 2019ರಲ್ಲಿ ಕೋರ್ಟ್ ಮಾಲೀಕರ ಬದಲು ನೋಡಿಕೊಳ್ಳೋಕೆ ಒಬ್ಬ ರಿಸೀವರ್‌ನನ್ನು ನೇಮಿಸಿತು. ಮಾರ್ಚ್‌ನಲ್ಲಿ ಒಂದೇ ಮ್ಯಾಚಿಗೆ 15 ಸಾವಿರಕ್ಕೂ ಜಾಸ್ತಿ ಜನ ವಾಪಸ್ ಬಂದರು.

ಮಂಜು: ಇಂಗ್ಲೆಂಡ್ ಸಾಕು. 1968-69ರಲ್ಲಿ ಮೈಸೂರು (ಆಗ ನಮ್ಮ ರಾಜ್ಯದ ಹೆಸರು ಅದೇ) ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ, ಗೆದ್ದಿತ್ತು. ಆಮೇಲೆ ಕರ್ನಾಟಕ ಗೆದ್ದಿದ್ದು 2023ರಲ್ಲಿ, ಸೌದಿಯ ರಿಯಾದ್‌ನಲ್ಲಿ. 54 ವರ್ಷ! ಆ ದಿನದ ನಮ್ಮ ಚಾಟ್ ಈಗ ತೆಗೆದು ನೋಡಿದೆ. ಬರೀ ಗುಡ್ ಮಾರ್ನಿಂಗ್, ಒಂದು ಗೃಹಪ್ರವೇಶ.

ರಫೀಕ್: ಅದು ವರ್ಷಕ್ಕೊಮ್ಮೆ ಕಟ್ಟೋ ತಂಡ. ವಾರವಾರ ಹೋಗಿ ಕೂರೋಕೆ ಜಾಗವೇ ಇಲ್ಲ. ಅಭ್ಯಾಸವೇ ಆಗದಿದ್ದರೆ ಬಿಡೋದು ಏನನ್ನ?

ಮಂಜು: ನನ್ನ ಮಗನಿಗೆ ಮ್ಯಾಂಚೆಸ್ಟರ್ ಸಿಟಿ ಹುಚ್ಚು. ನಾಲ್ಕು ಮ್ಯಾಚ್ ಸೋತರೆ ಜೆರ್ಸಿ ಬೀರು ಸೇರುತ್ತದೆ.

ಶಶಿ: ಅದೇ ಸಿಟಿ 1998-99ರಲ್ಲಿ ಮೂರನೇ ದರ್ಜೆಯಲ್ಲಿತ್ತು. ಆಗಲೂ ಸರಾಸರಿ 28 ಸಾವಿರ ಜನ. ಅವರೆಲ್ಲ ಆ ಊರಿನವರು. ಟಿವಿಯಿಂದ ಅಭಿಮಾನಿ ಆದವರು ಮೊದಲು ಜಾರುತ್ತಾರೆ, ಅದು ಗೇಟ್ ಲೆಕ್ಕಕ್ಕೂ ಸಿಗಲ್ಲ.

ಮಂಜು: ಹಳಬರು ಬರುತ್ತಾರೆ, ಒಪ್ಪಿದೆ. ಹೊಸ ಮಕ್ಕಳು? ಹಳಬರು ಎಷ್ಟು ದಿನ?

ಶೋಭಾ: ಈಗ ಸರಿಯಾಗಿ ಕೇಳಿದೆ. ಸಂಡರ್ಲೆಂಡ್ ನಾಲ್ಕು ವರ್ಷಕ್ಕೆ ಮೂರನೇ ದರ್ಜೆಯಿಂದ ಎದ್ದಿತು. 2025ರಲ್ಲಿ ಪ್ರೀಮಿಯರ್ ಲೀಗ್‌ಗೂ ಮರಳಿತು. ಇಪ್ಪತ್ತು ವರ್ಷ ಅಲ್ಲೇ ಬಿದ್ದಿದ್ದರೆ ಶಶಿ ಇಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ.