ಲಾಯದಲ್ಲಿ ನೊಣದ ಕಾಟ: ದಾವಣಗೆರೆ, ಚಿತ್ರದುರ್ಗದ ಕಡೆ ಕುದುರೆ ಸಾಕಿದವರ ಅನುಭವ

ದಾವಣಗೆರೆಯಿಂದ ಕೇಳಿದ್ದು

ಹರಿಹರ ರಸ್ತೆಯ ಕಡೆ ನಮ್ಮದೊಂದು ತಗಡಿನ ಲಾಯ. ಎರಡು ಹೆಣ್ಣು ಕುದುರೆಗಳಿವೆ, ಒಂದು ಬಿಳಿ, ಒಂದು ಕಂದು. ಮದುವೆ ಮೆರವಣಿಗೆಗೆ ಕಳಿಸುತ್ತೇನೆ. ಆಷಾಢದಲ್ಲಿ ಮದುವೆ ಇಲ್ಲ, ಎರಡೂ ದಿನವಿಡೀ ಲಾಯದಲ್ಲೇ ನಿಂತಿರುತ್ತವೆ. ಮಳೆ ಹಿಡಿದ ಮೇಲೆ ನೊಣದ ಕಾಟ ಹೇಳತೀರದು. ಕಂದು ಕುದುರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲು ಅಪ್ಪಳಿಸುತ್ತಲೇ ಇರುತ್ತದೆ. ಹೋದ ವಾರ ಮುಂಗಾಲಿನ ಲಾಳವೇ ಸಡಿಲವಾಯಿತು. ಫಿನಾಯಿಲ್ ಸುರಿದೆ, ಸೊಳ್ಳೆ ಬತ್ತಿ ಹಚ್ಚಿಟ್ಟೆ, ಅಂಗಡಿಯವರು ಕೊಟ್ಟ ಎಣ್ಣೆ ಸವರಿದೆ. ಎರಡು ಗಂಟೆ ತಡೆಯುತ್ತದೆ, ಮತ್ತೆ ಅದೇ ಕಥೆ. ನೆಲಕ್ಕೆ ಭತ್ತದ ಹುಲ್ಲು ಹಾಸಿ ವಾರಕ್ಕೊಮ್ಮೆ ಬದಲಿಸುತ್ತೇನೆ. ಪಕ್ಕದ ಮನೆಯವರು ಎರಡು ಸಲ ಬಂದು ಜಗಳವಾಡಿ ಹೋದರು. ಅನುಭವ ಇರುವ ಹಿರಿಯರು ದಾರಿ ಹೇಳಬೇಕು.

ಚಿತ್ರದುರ್ಗದಿಂದ, ಮೂರು ಕುದುರೆ ಸಾಕಿರುವವರು

ತಮ್ಮ, ವಾರಕ್ಕೊಮ್ಮೆ ಹುಲ್ಲು ಬದಲಿಸುತ್ತೇನೆ ಎಂದಿದ್ದೀಯಲ್ಲ, ಅಲ್ಲೇ ನಿಂತು ಲೆಕ್ಕ ಹಾಕು. ನಮ್ಮ ಕಡೆಯ ಸೆಖೆಗೆ ಮನೆ ನೊಣದ ಮೊಟ್ಟೆ ಒಡೆದು, ಹುಳುವಾಗಿ, ರೆಕ್ಕೆ ಬಂದು ಹಾರುವುದಕ್ಕೆ ಏಳರಿಂದ ಹತ್ತು ದಿನ ಸಾಕು. ನೀನು ಹುಲ್ಲು ಎತ್ತುವ ಹೊತ್ತಿಗೆ ಎಷ್ಟೋ ಹುಳು ಬಲಿತು, ಒಣ ಜಾಗ ಹುಡುಕಿಕೊಂಡು ಗೋಡೆಯ ಬುಡಕ್ಕೆ ಸರಿದು, ಕೋಶದೊಳಗೆ ಸೇರಿಯಾಗಿರುತ್ತದೆ. ನಿನ್ನ ಲಾಯದಲ್ಲಿ ಕುದುರೆ ಎರಡೇ ಇರಬಹುದು, ನೊಣದ ಸಾಕಣೆ ಮಾತ್ರ ಭರ್ಜರಿಯಾಗಿ ನಡೆದಿದೆ.

ನನಗೂ ಇದು ಗೊತ್ತಾದದ್ದು ತಡವಾಗಿ. ನಮ್ಮ ತಂದೆಯ ಕಾಲದಲ್ಲಿ ಜಟಕಾ ಕುದುರೆ ಇತ್ತು, ಲದ್ದಿಯನ್ನು ಲಾಯದ ಬಾಗಿಲ ಮಗ್ಗುಲಿಗೇ ಗುಡ್ಡೆ ಹಾಕುತ್ತಿದ್ದೆವು. ಅದೇ ಅಭ್ಯಾಸ ನನ್ನಲ್ಲೂ ಉಳಿದಿತ್ತು. ಒಂದು ದಿನ ನೀರಿನ ಡ್ರಮ್ಮು ಸೋರುತ್ತಿದೆಯೆಂದು ಪಕ್ಕಕ್ಕೆ ಉರುಳಿಸಿದೆ. ಅಡಿಯ ಒಣ ಮಣ್ಣಿನಲ್ಲಿ, ಡ್ರಮ್ಮಿನ ಅಂಚು ಕೂತಿದ್ದ ಸುತ್ತಳತೆಯುದ್ದಕ್ಕೂ ಕೆಂಗಂದು ಬಣ್ಣದ ಕಾಳುಗಳು. ಗೋಧಿ ಕಾಳಿನಷ್ಟೇ ಇರಬೇಕು, ಎರಡೂ ತುದಿ ಗುಂಡಗೆ. ಬೂಸಾ ಚೀಲದಿಂದ ಏನೋ ಚೆಲ್ಲಿದೆ ಎಂದುಕೊಂಡು ಬೊಗಸೆಯಲ್ಲಿ ಎತ್ತಿದೆ. ಒಂದನ್ನು ಉಗುರಿನಿಂದ ಒತ್ತಿದರೆ ಒಳಗೆ ಬೆಳ್ಳನೆಯ ನೊಣ, ಕಣ್ಣು ಮಾತ್ರ ಕೆಂಪು. ಬೊಗಸೆ ತುಂಬ ನೊಣ ಹಿಡಿದುಕೊಂಡು ನಿಂತಿದ್ದೆ! ಅಂದಿನಿಂದ ಔಷಧಿಯ ಡಬ್ಬಿಗೆ ಕೈ ಹಾಕುವ ಮೊದಲು ಡ್ರಮ್ಮು, ಕಲ್ಲು, ಗೋಣಿಚೀಲ ಎತ್ತಿ ನೋಡುತ್ತೇನೆ.

ಇನ್ನು ನಿನ್ನ ಕಂದು ಕುದುರೆ. ಅದು ಕಾಲು ಅಪ್ಪಳಿಸುತ್ತಿದ್ದರೆ ಕಾಟ ಕೊಡುತ್ತಿರುವುದು ಮನೆ ನೊಣವಲ್ಲ. ಮನೆ ನೊಣ ಕಣ್ಣೀರು, ಮೂಗಿನ ನೀರು, ಗಾಯದ ರಸ ನೆಕ್ಕುತ್ತದೆ, ಕಚ್ಚಲು ಅದಕ್ಕೆ ಬಾಯಿಲ್ಲ. ಮೊಣಕಾಲಿನ ಕೆಳಗೆ ಕೂತು ಚುಚ್ಚುವುದು ಬೇರೆ ನೊಣ. ಲಾಯದ ನೊಣ ಎಂದೇ ಕರೆಯೋಣ. ನೋಡಲು ಎರಡೂ ಅಕ್ಕತಂಗಿಯರಂತೆ ಇರುತ್ತವೆ. ಬಗ್ಗಿ ನೋಡಿದರೆ ಇದರ ಬಾಯಿಯಿಂದ ಸೂಜಿಯಂಥ ಕೊಳವೆ ಮುಂದಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಗೋಡೆಯ ಮೇಲೆ ಸಾಮಾನ್ಯವಾಗಿ ತಲೆ ಮೇಲಾಗಿ ಕೂರುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ. ಕುದುರೆಯ ಕಾಲಿನ ಮೇಲೆ ಇರುವುದು ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಗೋಡೆ, ಕಂಬ, ಬೇಲಿಯ ಮೇಲೆ ಕೂತು ಕುಡಿದದ್ದನ್ನು ಅರಗಿಸಿಕೊಳ್ಳುತ್ತದೆ. ನಿನ್ನ ಎಣ್ಣೆ ಎರಡು ಗಂಟೆಗೆ ಸೋಲುವುದಕ್ಕೆ ಇದೂ ಒಂದು ಕಾರಣ. ಬೆಲ್ಲದ ನೀರಿಟ್ಟ ಬಾಟಲಿಯ ಬಲೆಗೆ ಮನೆ ನೊಣ ಬಂದು ಬೀಳುತ್ತದೆ, ಇದು ಅತ್ತ ತಿರುಗಿಯೂ ನೋಡುವುದಿಲ್ಲ.

ಇದು ಮೊಟ್ಟೆಯಿಡುವುದು ಮೂತ್ರ ಬಿದ್ದು ಕೊಳೆತ ಹುಲ್ಲಿನಲ್ಲಿ. ಆದ್ದರಿಂದ ಲದ್ದಿ ಎತ್ತಿದರೆ ಅರ್ಧ ಕೆಲಸವಷ್ಟೇ ಆಯಿತು. ಕುದುರೆ ದಿನವೂ ಒಂದೇ ಜಾಗದಲ್ಲಿ ಮೂತ್ರ ಮಾಡುತ್ತದಲ್ಲ, ಆ ಜಾಗದ ಹುಲ್ಲನ್ನು ದಿನವೂ ತಳದವರೆಗೆ ಎತ್ತಬೇಕು. ನಾನು ಹಾಗೆ ಎತ್ತಿ, ನೆಲ ಒಣಗಲು ಬಿಟ್ಟು, ಅರಳಿದ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, ಸಂಜೆಗೆ ಹೊಸದು ಹಾಸುತ್ತೇನೆ. ಸುಣ್ಣ ಹಾಕುವಾಗ ಕುದುರೆ ಹೊರಗಿರಲಿ, ದೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಮಳೆಗಾಲದಲ್ಲಿ ಭತ್ತದ ಹುಲ್ಲು ಬಿಟ್ಟೇಬಿಡು. ನೀರು ಹಿಡಿದಿಟ್ಟುಕೊಂಡು ಕೊಳೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ನಿಮ್ಮೂರಿನಲ್ಲಿ ಅಕ್ಕಿ ಗಿರಣಿಗಳಿಗೆ ಬರವೇ? ಭತ್ತದ ಹೊಟ್ಟು ತಂದು ಹಾಸು. ಒದ್ದೆಯಾದ ಜಾಗ ಅದರಲ್ಲಿ ಥಟ್ಟನೆ ಕಾಣುತ್ತದೆ, ಸಲಿಕೆಯಿಂದ ಅಷ್ಟನ್ನೇ ತೆಗೆಯಬಹುದು. ನೀರಿನ ತೊಟ್ಟಿಯ ಸುತ್ತ ಕೆಸರಾಗಿದ್ದರೆ ಜಲ್ಲಿ ಸುರಿ. ಹುರುಳಿ ತಿಂದ ಬಕೆಟ್ಟನ್ನು ಅಂದಂದೇ ತೊಳೆ.

ಚನ್ನಗಿರಿಯ ಕಡೆಯಿಂದ, ಅಡಿಕೆ ತೋಟ ಇರುವವರು

ಎತ್ತಿದ ಲದ್ದಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅಣ್ಣ ಹೇಳಲಿಲ್ಲ. ಒಂದು ಕುದುರೆಗೆ ದಿನಕ್ಕೆ 15ರಿಂದ 20 ಕೆ.ಜಿ. ಆಗುತ್ತದೆ. ಅದನ್ನು ಹತ್ತು ಹೆಜ್ಜೆ ಆಚೆ ಸುರಿದರೆ ನೊಣದ ಮನೆ ಬದಲಾಯಿತೇ ಹೊರತು ಬೇರೇನೂ ಆಗಲಿಲ್ಲ.

ನಮ್ಮಲ್ಲಿ ಹಸುಗಳ ಜೊತೆ ಒಂದು ಕುದುರೆಯಿದೆ. ತಿಪ್ಪೆಯನ್ನು ಹರಡಿ ಹಾಕುವ ಬದಲು ಎದೆಮಟ್ಟ ಎತ್ತರಕ್ಕೆ ಒತ್ತಾಗಿ ಕಟ್ಟುತ್ತೇವೆ, ಮೇಲೆ ಕಪ್ಪು ತಾಡಪಾಲು ಹೊದಿಸಿ ಅಂಚಿಗೆ ಕಲ್ಲು ಹೇರುತ್ತೇವೆ. ಒಳಗೆ ಕಾವು 55–60 ಡಿಗ್ರಿಗೆ ಏರಿದರೆ ಹುಳು ಉಳಿಯುವುದಿಲ್ಲ. ಹುಳು ಬದುಕುವುದು ತಣ್ಣಗಿರುವ ಹೊರಮೈಯಲ್ಲಿ. ಅದಕ್ಕೆ ವಾರಕ್ಕೊಮ್ಮೆ ಅಂಚಿನದನ್ನು ಎಳೆದು ನಡುವಿಗೆ ತುಂಬಿ ಮತ್ತೆ ಮುಚ್ಚಬೇಕು. ಕಾವು ಬಂದಿದೆಯೋ ಇಲ್ಲವೋ ನೋಡಲು ನಮ್ಮ ಅತ್ತೆಯವರ ಉಪಾಯವೇ ಸಾಕು: ಕಬ್ಬಿಣದ ಹಾರೆಯನ್ನು ತಿಪ್ಪೆಯ ನಡುವಿಗೆ ಚುಚ್ಚಿ, ಒಂದು ಲೋಟ ಚಹಾ ಕುಡಿದು ಬಂದು ಎಳೆದು ತುದಿ ಮುಟ್ಟುವುದು. ಕೈ ಚುರ್ ಎಂದು ಹಿಂದಕ್ಕೆ ಬಂದರೆ ಸರಿ, ಬೆಚ್ಚಗಷ್ಟೇ ಇದ್ದರೆ ತಿಪ್ಪೆ ಚಿಕ್ಕದಾಗಿದೆ ಅಥವಾ ಒಣಗಿದೆ.

ಜಾಗ ಕಡಿಮೆ ಇದ್ದರೆ ವಾರಕ್ಕೆ ಎರಡು ಸಲವಾದರೂ ಚೀಲ ತುಂಬಿ ತೋಟದವರಿಗೆ ಸಾಗಿಸಿ, ಸಂತೋಷದಿಂದ ಒಯ್ಯುತ್ತಾರೆ. ಬಿಸಿಲಿದ್ದಾಗ ತೆಳ್ಳಗೆ ಹರಡಿ ಒಣಗಿಸಿದರೂ ನಡೆಯುತ್ತದೆ, ಮಳೆಯಲ್ಲಿ ಮಾತ್ರ ಅದು ಬೇಡ. ಹತ್ತಿರದಲ್ಲಿ ಅಡಿಕೆ ಸಿಪ್ಪೆ, ಮೆಕ್ಕೆಜೋಳದ ರವದಿ ಕೊಳೆಯುತ್ತ ಬಿದ್ದಿದ್ದರೆ ಅದನ್ನೂ ನೋಡಿ. ನಮ್ಮ ಲಾಯ ಕನ್ನಡಿಯಂತಿದ್ದರೂ ನೊಣ ಕಡಿಮೆಯಾಗದೆ ಒದ್ದಾಡಿದ್ದೆವು, ಕೊನೆಗೆ ನೋಡಿದರೆ ನಮ್ಮದೇ ಸಿಪ್ಪೆಯ ರಾಶಿಯ ಅಡಿಯಲ್ಲಿ ಹುಳು ಕಿಲಬಿಲ ಎನ್ನುತ್ತಿತ್ತು.

ನಾಟಿ ಕೋಳಿ ನಾಲ್ಕು ಬಿಟ್ಟರೆ ಕೆದಕಿ ಕೆದಕಿ ಹುಳು ತಿನ್ನುತ್ತವೆ. ಮೇವಿನ ಗೋದಲಿಯ ಮೇಲೆ ಮಲಗಲು ಮಾತ್ರ ಬಿಡಬೇಡಿ, ಹಿಕ್ಕೆ ಹಾಕಿ ಹೊಲಸು ಮಾಡುತ್ತವೆ.

ಚಳ್ಳಕೆರೆಯಿಂದ

ಇಷ್ಟೆಲ್ಲ ಯಾಕೆ? ಸಂಜೆ ಹೊತ್ತು ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿ. ನಮ್ಮ ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ.

ದಾವಣಗೆರೆಯಿಂದ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು

ಹೊಗೆ ಬಯಲಲ್ಲಿ ಕಟ್ಟಿದ ದನಕ್ಕೆ ಸರಿ. ತಗಡಿನ ಲಾಯದೊಳಗೆ ಬೇಡ. ಕುದುರೆಯ ಶ್ವಾಸಕೋಶ ಬಹಳ ಸೂಕ್ಷ್ಮ, ಮೂತ್ರದ ಘಾಟು ಮೊದಲೇ ಇರುತ್ತದೆ, ಅದರ ಮೇಲೆ ಹೊಗೆಯೂ ಸೇರಿದರೆ ಕೆಮ್ಮು ಹಿಡಿಯುತ್ತದೆ. ಗುಂಗುರು ಕಚ್ಚಿ ಅಯಾಲು, ಬಾಲದ ಬುಡ ತಿಕ್ಕಿಕೊಳ್ಳುತ್ತಿದ್ದರೆ ಮುಂಜಾನೆ, ಮುಸ್ಸಂಜೆ ಫ್ಯಾನ್ ಹಾಕಿ. ಗಾಳಿಗೆ ಎದುರಾಗಿ ಹಾರುವ ಶಕ್ತಿ ಅದಕ್ಕಿಲ್ಲ. ವೈರು ಕುದುರೆಯ ಬಾಯಿಗೆ ಸಿಗದಂತೆ ಎತ್ತರದಲ್ಲಿರಲಿ.

ಮುಖ್ಯವಾದ ಮಾತು. ದನದ ಉಣ್ಣೆಗೆ ಹಾಕುವ ಅಮಿತ್ರಾಜ್ ಔಷಧಿಯನ್ನು ಕುದುರೆಗೆ ಎಂದೂ ಹಚ್ಚಬೇಡಿ. ಕರುಳಿನ ಚಲನೆ ನಿಂತು ಹೊಟ್ಟೆಶೂಲೆ ಬರುತ್ತದೆ, ಜೀವವೇ ಹೋಗಬಹುದು. ಅಂಗಡಿಯವರು ಕೊಟ್ಟ ಎಣ್ಣೆ ಎಂದು ಬರೆದಿದ್ದೀರಿ, ಇವತ್ತೇ ಡಬ್ಬಿಯ ಮೇಲಿನ ಹೆಸರು ಓದಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ನೀರು ಬೆರೆಸಿ ಮೈಗೆ ಹಚ್ಚುವವರನ್ನೂ ಕಂಡಿದ್ದೇನೆ, ಅದೂ ಬೇಡ. ಕುದುರೆಗೆ ಹಚ್ಚಬಹುದಾದ ಪರ್ಮೆಥ್ರಿನ್ ಔಷಧಿಗಳಿವೆ, ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಲಾಯದಲ್ಲಿ ಬೆಕ್ಕು ಓಡಾಡುತ್ತಿದ್ದರೆ ಎಚ್ಚರ, ಅದಕ್ಕೆ ಪರ್ಮೆಥ್ರಿನ್ ವಿಷ. ಬೇವಿನ ಎಣ್ಣೆಯಾದರೂ ಮೊದಲು ಅಂಗೈ ಅಗಲ ಹಚ್ಚಿ ಒಂದು ದಿನ ಕಾಯಿರಿ.

ಬಿಟ್ಟು ಬಿಟ್ಟು ಜ್ವರ, ಮೇವು ತಿಂದರೂ ಸೊರಗುವುದು, ಕಾಲು ಅಥವಾ ಹೊಟ್ಟೆಯ ಕೆಳಗೆ ಬಾವು ಕಂಡರೆ ನೊಣ ಓಡಿಸುತ್ತ ಕೂರದೆ ರಕ್ತ ಪರೀಕ್ಷೆ ಮಾಡಿಸಿ. ಸರ್ರಾ ರೋಗ ಇರಬಹುದು. ಅದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ ಕಂಡುಹಿಡಿದದ್ದು ಆಗಿನ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ. ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುವುದು ಮುಖ್ಯವಾಗಿ ನೀರು, ಜವುಗಿನ ಹತ್ತಿರ ಹುಟ್ಟುವ ದೊಡ್ಡ ಕಚ್ಚುವ ನೊಣ, ಲಾಯದ ನೊಣವೂ ದಾಟಿಸಬಲ್ಲದು. ಕಣ್ಣಿನ ಮೂಲೆಯಲ್ಲಿ, ತುಟಿಯ ಬದಿಯಲ್ಲಿ ಬೇಸಿಗೆಯಿಡೀ ವಾಸಿಯಾಗದ ಹುಣ್ಣಿದ್ದರೆ ಅದೂ ನೊಣ ತಂದಿಟ್ಟ ಜಂತುವಿನ ಕೆಲಸವಿರಬಹುದು. ಮುಲಾಮು ಹಚ್ಚಿ ಸುಮ್ಮನಾಗಬೇಡಿ, ತೋರಿಸಿ. ಮುಂಗಾಲಿನ ಕೂದಲಿಗೆ ಹಳದಿ ಚುಕ್ಕಿಗಳಂತೆ ಮೊಟ್ಟೆ ಅಂಟಿದ್ದರೆ ಕೆರೆದು ತೆಗೆಯಿರಿ. ಕುದುರೆ ನೆಕ್ಕಿದರೆ ಹುಳು ಹೊಟ್ಟೆ ಸೇರುತ್ತದೆ.

ಹೊಸದುರ್ಗದಿಂದ, ಮೆರವಣಿಗೆಯ ಕುದುರೆ ಇರುವವರು

ಒಂದೇ ಪ್ರಶ್ನೆ: ಕೊನೆಯ ಮದುವೆಗೆ ಹೆಣೆದ ಬಾಲವನ್ನು ಬಿಚ್ಚಿದ್ದೀರಾ? ನಾನೊಮ್ಮೆ ಜರಿದಾರ ಸುತ್ತಿ ಹೆಣೆದದ್ದನ್ನು ಹದಿನೈದು ದಿನ ಹಾಗೇ ಬಿಟ್ಟಿದ್ದೆ. ದೇವರು ಕೊಟ್ಟ ಚಾಮರವನ್ನು ಕಟ್ಟಿಹಾಕಿ ನೊಣ ಬಂತು ಎಂದು ಗೊಣಗುತ್ತಿದ್ದೆ. ಎರಡು ಕುದುರೆಗಳನ್ನು ಒಂದರ ತಲೆಯ ಹತ್ತಿರ ಇನ್ನೊಂದರ ಬಾಲ ಬರುವಂತೆ ಕಟ್ಟಿ, ಪರಸ್ಪರ ಬೀಸಿಕೊಳ್ಳುತ್ತವೆ. ಮೆರವಣಿಗೆಯ ಹಳೆಯ ಗೊಂಡೆಗಳನ್ನು ಹಣೆಪಟ್ಟಿಗೆ ಹೊಲಿದರೆ ಕಣ್ಣಿಗೆ ಪರದೆಯಾಗುತ್ತದೆ.

ಕಂದು ಕುದುರೆಯನ್ನೇ ಹೆಚ್ಚು ಕಾಡುವುದು ಸುಳ್ಳಲ್ಲ. ದೊಡ್ಡ ನೊಣಗಳು ಬಿಳಿ ಕುದುರೆಗಿಂತ ಗಾಢ ಬಣ್ಣದ ಕುದುರೆಗೆ ಹೆಚ್ಚು ಮುತ್ತುತ್ತವೆ ಎಂದು ತೋರಿಸಿಕೊಟ್ಟ ಸಂಶೋಧಕರಿಗೆ 2016ರಲ್ಲಿ ಇಗ್ ನೊಬೆಲ್ ಸಿಕ್ಕಿತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಆ ದೊಡ್ಡ ನೊಣ ಕತ್ತಲಿರುವ ಲಾಯದೊಳಗೆ ಬರುವುದು ಕಡಿಮೆ. ಆದ್ದರಿಂದ ಮೇಯಲು ಬಿಡುವುದಾದರೆ ನಡುಮಧ್ಯಾಹ್ನ ಬೇಡ.

ಕೇಳಿದವರು, ಮೂರು ವಾರದ ನಂತರ

ಬಾಲ ಹೆಣೆದೇ ಇತ್ತು, ಅಂದೇ ಬಿಚ್ಚಿದೆ. ಎಣ್ಣೆಯ ಡಬ್ಬಿಯಲ್ಲಿ ಅಮಿತ್ರಾಜ್ ಇರಲಿಲ್ಲ, ಆದರೂ ಕೈ ನಡುಗಿತು. ಗೋದಲಿಯ ಹಿಂದಿನ ಕಲ್ಲು ಎತ್ತಿದಾಗ ಅಣ್ಣ ಹೇಳಿದ ಕೆಂಗಂದು ಕಾಳು ಎರಡು ಹಿಡಿ ಸಿಕ್ಕಿತು, ಸುಟ್ಟುಹಾಕಿದೆ. ಮೊದಲ ವಾರ ಏನೂ ವ್ಯತ್ಯಾಸ ಕಾಣದೆ ಬಿಟ್ಟುಬಿಡೋಣ ಎನಿಸಿತ್ತು. ಎರಡನೆಯ ವಾರದ ಕೊನೆಗೆ ಕಂದು ಕುದುರೆ ಮಧ್ಯಾಹ್ನ ಒಂದು ಹಿಂಗಾಲು ಸಡಿಲ ಬಿಟ್ಟು ನಿದ್ದೆ ಹೋಗಿತ್ತು. ಎಷ್ಟೋ ದಿನದ ಮೇಲೆ ಹಾಗೆ ನಿಂತದ್ದು ಕಂಡೆ. ನೊಣ ಪೂರ್ತಿ ಹೋಗಿಲ್ಲ, ಆಚೆ ಬದಿಯ ಕೋಳಿ ಫಾರಂ ಕಡೆಯಿಂದ ಬರುತ್ತಲೇ ಇವೆ. ಈಗ ಹೊಸ ತಾಪತ್ರಯ: ಬಿಳಿ ಕುದುರೆ ಹಾಸಿದ ಹೊಟ್ಟನ್ನೇ ತಿನ್ನುತ್ತಿದೆ.

ಚಿತ್ರದುರ್ಗದಿಂದ, ಮೊದಲು ಉತ್ತರಿಸಿದವರು

ಕೋಳಿ ಫಾರಂ ಬದಿಯ ಬೇಲಿಗೆ ಬೆಲ್ಲದ ನೀರಿನ ಬಾಟಲಿ ಕಟ್ಟು, ಲಾಯದೊಳಗೆ ತರಬೇಡ, ಇಲ್ಲದ ನೊಣವನ್ನೂ ಕರೆಯುತ್ತದೆ. ಹೊಟ್ಟು ತಿನ್ನುವುದನ್ನು ಸದರ ಮಾಡಬೇಡ, ಶೂಲೆ ಬಂದೀತು. ಹಸಿವಿಗೋ ಬೇಸರಕ್ಕೋ ತಿನ್ನುತ್ತಿರುತ್ತದೆ. ಹುಲ್ಲನ್ನು ಬಲೆಚೀಲದಲ್ಲಿ ತೂಗುಹಾಕು, ಇಡೀ ದಿನ ಎಳೆದು ತಿನ್ನುತ್ತಿರಲಿ. ಆಗಲೂ ಬಿಡದಿದ್ದರೆ ಆ ಕುದುರೆಗೆ ಮಾತ್ರ ಸಾಮಿಲ್ಲಿನಿಂದ ಮರದ ಹೊಟ್ಟು ತಂದು ಹಾಸು. ಪ್ಲೈವುಡ್ ಕೊಯ್ದದ್ದು ಬೇಡ, ಅದರಲ್ಲಿ ಅಂಟು ಇರುತ್ತದೆ.