ಸಹಾಯ ಬೇಕು: ಅಮೆರಿಕದ ಐಫೋನ್‌ಗೆ ಅಮ್ಮನ ನಂಬರ್ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಲಿರೋ ಅಣ್ಣ ತಾನು ಬಳಸ್ತಿದ್ದ ಐಫೋನ್ 14 ಅನ್ನು ಅಮ್ಮನಿಗೆ ಅಂತ ಶಿವಮೊಗ್ಗಕ್ಕೆ ತಂದುಕೊಟ್ಟು ಹೋದ. ಸಿಮ್ ಹಾಕೋಣ ಅಂತ ಪಿನ್ ಹಿಡ್ಕೊಂಡು ನಾಲ್ಕೂ ಅಂಚು ಸವರಿ ನೋಡಿದೆ, ತೂತೇ ಇಲ್ಲ! ಅಮೆರಿಕದಲ್ಲಿ ಮಾರೋ 14ಕ್ಕೆ ಸಿಮ್ ಟ್ರೇನೇ ಇರಲ್ವಂತೆ, ಬರೀ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಕೂರೋ ಸಿಮ್).

ಅದೂ ಸರಿ ಅಂದ್ಕೊಂಡ್ರೆ, ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಕ್ಯಾರಿಯರ್ ಲಾಕ್ ಎದುರಿಗೆ 'ಸಿಮ್ ಲಾಕ್ಡ್' ಅಂತಿದೆ, ಅಂದ್ರೆ ಒಂದೇ ಮೊಬೈಲ್ ಕಂಪನಿಗೆ ಕಟ್ಟಿಹಾಕಿದ ಫೋನು, ಬೇರೆಯವರ ಸಿಮ್ ನಡೆಯಲ್ಲ. ಅಣ್ಣ ಫೋನನ್ನ ಅಲ್ಲಿನ ಮೊಬೈಲ್ ಕಂಪನಿಯಿಂದ ಕಂತಿನಲ್ಲಿ ತಗೊಂಡಿದ್ದು, ತಿಂಗಳ ಬಿಲ್ ಜೊತೆಗೇ ಕಟ್ತಾನೆ. ನಮ್ಮಲ್ಲಿ ಫೋನ್ ಬೇರೆ, ರೀಚಾರ್ಜ್ ಬೇರೆ, ಹಾಗಾಗಿ ಇದು ನನಗೆ ಹೊಳೆದೇ ಇರ್ಲಿಲ್ಲ. ಇಲ್ಲಿನ ಎರಡು ಅಂಗಡಿಗೆ ಹೋದೆ. ಒಬ್ರು ಆಗಲ್ಲ ಅಂದ್ರು, ಇನ್ನೊಬ್ರು ದುಡ್ಡು ಕೊಟ್ರೆ ಲಾಕ್ ಒಡೀತೀವಿ ಅಂದ್ರು. ಧೈರ್ಯ ಬರಲಿಲ್ಲ.

ಅಮ್ಮನ ಬ್ಯಾಂಕು, ಗ್ಯಾಸು, ಆಧಾರ್ ಎಲ್ಲದರ ಓಟಿಪಿ ಇದೊಂದೇ ನಂಬರಿಗೆ ಬರೋದು. ಇ-ಸಿಮ್‌ಗೆ ಬದಲಾಯಿಸಿದ ಮೇಲೆ ಹಳೇ ಸಿಮ್ ಸತ್ತುಹೋಗುತ್ತೆ, ಅವರ ಕೀಪ್ಯಾಡ್ ಫೋನಿಗೆ ಇ-ಸಿಮ್ ಬರಲ್ಲ. ಅದೇ ಭಯ.

ಹೀಗೆ ಮಾಡಿದವರು ದಯವಿಟ್ಟು ಹೇಳಿ: ಅಣ್ಣ ಉಳಿದ ಕಂತು ಪೂರ್ತಿ ಕಟ್ಟಿದ್ರೆ, ಫೋನ್ ಇಲ್ಲೇ ಇದ್ದಂಗೆ ಅಲ್ಲಿಂದಲೇ ಲಾಕ್ ತೆಗೀತಾರಾ, ಇಲ್ಲಾ ವಾಪಸ್ ಕಳಿಸಬೇಕಾ?