ಆಸ್ಪತ್ರೆ ರೇಡಿಯೋದಲ್ಲಿ ಸ್ವಯಂಸೇವಕರಾಗಿ ಕಾರ್ಯಕ್ರಮ ನಡೆಸಿದವರು ಇದ್ದೀರಾ?

ಸಂಜೆಪಾಳಿ

ಹಗಲು ಲೆಕ್ಕಪತ್ರದ ಕೆಲಸ, ಸಂಜೆ ಖಾಲಿ. ಹತ್ತಿರದ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿಯೇ ಒಂದು ಪುಟ್ಟ ರೇಡಿಯೋ ಇದೆ, ಎಲ್ಲ ಸ್ವಯಂಸೇವಕರೇ ನಡೆಸುತ್ತಾರೆ. ದನಿ ಪರವಾಗಿಲ್ಲ ಅಂತ ನಾಲ್ಕು ಜನ ಹೇಳಿದ್ದಾರೆ ಅನ್ನುವ ಧೈರ್ಯದಲ್ಲಿ ಅರ್ಜಿ ಹಾಕಿದೆ. ನೋಡಿದರೆ, ಮೊದಲ ಮೂರು ತಿಂಗಳು ಮೈಕ್ ಮುಟ್ಟುವ ಹಾಗೇ ಇಲ್ಲವಂತೆ! ವಾರ್ಡ್ ಸುತ್ತಿ ಯಾರಿಗೆ ಯಾವ ಹಾಡು ಬೇಕು ಅಂತ ಬರೆದುಕೊಂಡು ಬರಬೇಕಂತೆ. ಪೊಲೀಸ್ ಪರಿಶೀಲನೆ ಬೇರೆ. ದುಡ್ಡಿಲ್ಲದ ಕೆಲಸಕ್ಕೆ ಇಷ್ಟೆಲ್ಲಾ ಯಾಕೆ? ಅದೂ ಅಲ್ಲದೆ ಎಲ್ಲರ ಕೈಯಲ್ಲೂ ಫೋನ್ ಇರುವಾಗ ಇದನ್ನು ಯಾರಾದರೂ ಕೇಳುತ್ತಾರಾ? ಮಾಡಿದವರು ನಿಜ ಹೇಳಿ.

ಹಳೇ ಫೇಡರ್

ವಾರ್ಡ್ ಸುತ್ತುವುದನ್ನು ಶಿಕ್ಷೆ ಅಂದುಕೊಳ್ಳಬೇಡಿ, ಕಾರ್ಯಕ್ರಮ ಹುಟ್ಟುವುದೇ ಅಲ್ಲಿ. ನಾನು ಒಂಬತ್ತು ವರ್ಷದಿಂದ ಗುರುವಾರ ಸಂಜೆ ಮಾಡುತ್ತಿದ್ದೇನೆ. ಮೊದಲ ದಿನ ರಟ್ಟು, ಪೆನ್ನು ಹಿಡಿದು ಒಂದೊಂದು ಹಾಸಿಗೆ ಮುಂದೆಯೂ ನಿಂತು "ಯಾವ ಹಾಡು ಹಾಕಲಿ?" ಅಂತ ಕೇಳಿದೆ. ಹದಿನಾರು ಜನರಲ್ಲಿ ಹದಿನಾಲ್ಕು ಜನ "ಏನೂ ಬೇಡಪ್ಪಾ" ಅಂದರು. ನೋವು ತಿನ್ನುತ್ತಾ ಮಲಗಿದವರಿಗೆ ಹಾಡಿನ ಹೆಸರು ತಟ್ಟನೆ ಹೊಳೆಯುವುದಾದರೂ ಹೇಗೆ, ಅಲ್ವಾ?

ಜೊತೆಗಿದ್ದ ಹಿರಿಯರೊಬ್ಬರು ದಾರಿ ತೋರಿಸಿದರು. ಕುರ್ಚಿ ಎಳೆದುಕೊಂಡು ಕೂರಬೇಕು. ನಿಂತು ಕೇಳಿದರೆ ಡಾಕ್ಟರ್ ರೌಂಡ್ಸ್‌ಗೆ ಬಂದ ಹಾಗಿರುತ್ತದೆ. ಹಾಡಿನ ವಿಷಯ ಕಡೆಗೆ, ಮೊದಲು ಬೇರೆ ಮಾತು. ದರ್ಜಿ ಕೆಲಸ ಮಾಡಿದ್ದ ಒಬ್ಬರು ಹತ್ತು ನಿಮಿಷ ಹೊಲಿಗೆ ಮೆಷಿನ್ ಬಗ್ಗೆಯೇ ಮಾತಾಡಿ, ಆಮೇಲೆ ಎರಡು ಸಾಲು ಗುನುಗಿದರು. ಪದ ಒಂದೂ ನೆನಪಿಲ್ಲ, ಬರೀ ರಾಗ. ನಾನು ಅದನ್ನೇ ಗುನುಗುತ್ತಾ ಸ್ಟುಡಿಯೋಗೆ ಓಡಿದೆ. ಮೂರು ಜನ ಸೇರಿ ಹುಡುಕಿ, ಎಂಟು ಗಂಟೆಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ನರ್ಸ್ ಫೋನ್ ಬಂತು: "ಅವರು ನಿದ್ದೆ ಹೋಗಿಬಿಟ್ಟಿದ್ದಾರೆ, ನಾಳೆ ಇನ್ನೊಂದ್ಸಲ ಹಾಕ್ತೀರಾ?"

ಶೀತ, ಕೆಮ್ಮು ಇದ್ದರೆ ಹೋಗಲೇಬೇಡಿ. ಪ್ರತಿ ಹಾಸಿಗೆ ಆದಮೇಲೂ ಕೈಗೆ ಸ್ಯಾನಿಟೈಸರ್, ಪೆನ್ನನ್ನೂ ಒರೆಸಿ. ಪರದೆ ಎಳೆದಿದ್ದರೆ ಸುಮ್ನೆ ಮುಂದಕ್ಕೆ ನಡೆಯಿರಿ.

ರಾತ್ರಿಪಾಳಿ ನರ್ಸ್

ಪೊಲೀಸ್ ಪರಿಶೀಲನೆ ಯಾಕೆ ಅಂತ ಕೇಳಿದಿರಲ್ಲ. ಎದ್ದು ಹೋಗಲಾಗದ ಜನ ಮಲಗಿರುವ ಕೋಣೆಗೆ ಗುರುತಿಲ್ಲದವರನ್ನು ಬಿಡುತ್ತಿದ್ದೇವೆ ಸ್ವಾಮಿ. ಕೇಳದೆ ಬಿಡುವುದೇ ತಪ್ಪು.

ಕೇಳುವವರು ಕಡಿಮೆ, ಅದು ನಿಜ. ಆದರೆ ಕೈಗೆ ಡ್ರಿಪ್ ಹಾಕಿಸಿಕೊಂಡವರು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಫೋನ್ ನೋಡುತ್ತಾ ಎಷ್ಟು ಹೊತ್ತು ಇರುತ್ತಾರೆ? ನಾಲ್ಕು ದಿನ ಮಲಗಿದರೆ ಇವತ್ತು ಯಾವ ವಾರ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ನಿಮ್ಮಂಥವರಿಗೆ ನನ್ನದೊಂದು ಬೇಡಿಕೆ, ಹಾಡಿನ ಮಧ್ಯೆ ವಾರ, ಗಂಟೆ, ಹೊರಗೆ ಮಳೆಯೋ ಬಿಸಿಲೋ, ಇದನ್ನೆಲ್ಲ ಹೇಳುತ್ತಿರಿ.

ಒಮ್ಮೆ ಒಬ್ಬ ಹೊಸ ಹುಡುಗ ಉತ್ಸಾಹದಲ್ಲಿ ರೋಗಿಯ ಪೂರ್ತಿ ಹೆಸರು, ವಾರ್ಡು, ನಾಳೆ ಯಾವ ಆಪರೇಷನ್ ಅನ್ನುವುದನ್ನೂ ಹೇಳಿಬಿಟ್ಟ. ಎರಡು ವಾರ್ಡ್ ಆಚೆ ಅವರ ಆಫೀಸಿನವರೇ ಮಲಗಿದ್ದರು! ಒಪ್ಪಿಗೆ ಇದ್ದರೆ ಮೊದಲ ಹೆಸರು ಹೇಳಿ, ಸಾಕು. ಕಾಯಿಲೆ ಬೇಡವೇ ಬೇಡ. "ಬೇಗ ಗುಣವಾಗಿ" ಅಂತ ಎಲ್ಲರಿಗೂ ಹೇಳಬೇಡಿ, ಗುಣವಾಗುವುದಿಲ್ಲ ಅಂತ ಗೊತ್ತಾದವರೂ ಕೇಳುತ್ತಿರುತ್ತಾರೆ. ಸಾವು, ಕೊನೆಯ ವಿದಾಯ ಇರುವ ಹಾಡನ್ನು ಪದ ಓದದೆ ಹಾಕಬೇಡಿ. ರಾಗ ಖುಷಿಯಾಗಿದ್ದು ಪದ ಬೇರೇನೋ ಹೇಳುವ ಹಾಡುಗಳೇ ಜಾಸ್ತಿ ಕೈಕೊಡುತ್ತವೆ.

ಸಂಜೆಪಾಳಿ

ಪೂರ್ತಿ ಹೆಸರಿನ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾನೂ ಹಾಗೇ ಹೇಳುತ್ತಿದ್ದೆನೇನೋ. ಸರಿ, ವಾರ್ಡ್ ಸುತ್ತುತ್ತೇನೆ. ಆಮೇಲೆ ಮೈಕ್ ಮುಂದೆ ಕೂತಾಗ ನಾಲಿಗೆ ಒಣಗಿದರೆ?

ತಂತಿಜೋಡಣೆ

ಒಣಗುತ್ತದೆ. ನೀರು ಇಟ್ಟುಕೊಳ್ಳಿ, ಆದರೆ ದನಿ ಹೊಂದಿಸುವ ಮಿಕ್ಸರ್ ಯಂತ್ರದ ಪಕ್ಕ ಅಲ್ಲ (ಎರಡು ಸಲ ಬಿಚ್ಚಿ ಒಣಗಿಸಿದವನು ಹೇಳುತ್ತಿದ್ದೇನೆ). ಮೈಕ್‌ನಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಕೂತರೆ "ಪ" "ಬ" ಬಂದಾಗ ಗಾಳಿ ಹೊಡೆಯುವುದಿಲ್ಲ. "ಕೇಳುಗರೆಲ್ಲರಿಗೂ ನಮಸ್ಕಾರ" ಅಂತ ಸಭೆಗೆ ಹೇಳುವ ಹಾಗೆ ಶುರು ಮಾಡಬೇಡಿ. ಆವತ್ತು ವಾರ್ಡ್‌ನಲ್ಲಿ ಮಾತಾಡಿಸಿದ ಒಬ್ಬರನ್ನು ನೆನೆಸಿಕೊಂಡು ಅವರಿಗೇ ಹೇಳಿ. ಹಾಡು ಶುರುವಾದ ಕೂಡಲೇ ಮೈಕ್ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಕೆಳಗೆ ಎಳೆಯುವುದು ಕೈಗೆ ಅಭ್ಯಾಸವಾಗಬೇಕು, ಇಲ್ಲದಿದ್ದರೆ ನೀವು ಬಿಸ್ಕತ್ತು ಕಡಿಯುವುದು ಎಲ್ಲ ವಾರ್ಡಿಗೂ ಕೇಳಿಸುತ್ತದೆ. ಮುಂದಿನ ಹಾಡು ಸಿದ್ಧವಿದೆಯಾ ಅಂತ ನೋಡದೆ ಮಾತು ಮುಗಿಸಬೇಡಿ. ಐದು ಸೆಕೆಂಡ್ ಮೌನ ಅಲ್ಲಿ ಕೂತವರಿಗೆ ಐದು ನಿಮಿಷ.

ಫೋನ್ ಬಂದು ಇದರ ಕಥೆ ಮುಗಿಯಿತು ಅನ್ನುತ್ತಾರಲ್ಲ, ಟಿವಿ ಬಂದಾಗಲೂ ಇದೇ ಮಾತಿತ್ತು. ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ 1919ರಲ್ಲೇ ಇಂಥದ್ದೊಂದು ಇತ್ತು. ಬ್ರಿಟನ್ನಿನಲ್ಲಿ 1925ರಲ್ಲಿ ಯಾರ್ಕ್ ಊರಿನ ಆಸ್ಪತ್ರೆಯೊಂದು ತನ್ನ ಹಾಸಿಗೆಗಳಿಗೆ ಹೆಡ್‌ಫೋನ್ ಹಾಕಿಸಿತು. ಆ ದೇಶದಲ್ಲಿ ಈಗಲೂ ಸ್ವಯಂಸೇವಕರೇ ನಡೆಸುವ ಇಂಥ ರೇಡಿಯೋಗಳು ಬೇಕಾದಷ್ಟಿವೆ. ಫುಟ್ಬಾಲ್ ಆಡುತ್ತಿದ್ದ ಜಾಕಿ ಓಟ್ಲಿ ಮಂಡಿಗೆ ಪೆಟ್ಟಾಗಿ ಆಟ ಬಿಟ್ಟ ಮೇಲೆ ಆಸ್ಪತ್ರೆ ರೇಡಿಯೋದಲ್ಲಿ ಕೈ ಪಳಗಿಸಿಕೊಂಡರು. 2007ರಲ್ಲಿ ಬಿಬಿಸಿಯ ಮ್ಯಾಚ್ ಆಫ್ ದಿ ಡೇ ಅನ್ನುವ ಟಿವಿ ಫುಟ್ಬಾಲ್ ಕಾರ್ಯಕ್ರಮಕ್ಕೆ ವೀಕ್ಷಕ ವಿವರಣೆ ಕೊಟ್ಟ ಮೊದಲ ಹೆಂಗಸು ಅವರೇ. ಹಾಗಂತ ಕೆಲಸ ಸಿಗುತ್ತದೆ ಅನ್ನುವ ಆಸೆಯಿಂದ ಮಾತ್ರ ಹೋಗಬೇಡಿ, ಎರಡನೇ ತಿಂಗಳಿಗೇ ಬೇಜಾರಾಗುತ್ತದೆ.

ಸಂಜೆಪಾಳಿ

ಶನಿವಾರದಿಂದ ವಾರ್ಡ್ ಸುತ್ತಲು ಬರುತ್ತೇನೆ ಅಂತ ಹೇಳಿ ಬಂದೆ. ಪೊಲೀಸ್ ಪರಿಶೀಲನೆಯ ಫಾರಂನಲ್ಲಿ ಹಿಂದಿನ ಐದು ವರ್ಷದ ವಿಳಾಸ ಎಲ್ಲ ಬರೆಯಿರಿ ಅಂದಿದ್ದಾರೆ. ಅಷ್ಟರಲ್ಲಿ ಏಳು ಮನೆ ಬದಲಾಯಿಸಿದ್ದೇನೆ, ಈಗ ಹಳೇ ಮನೆ ಮಾಲೀಕರಿಗೆಲ್ಲ ಫೋನ್ ಮಾಡುತ್ತಾ ಕೂತಿದ್ದೇನೆ.